ಹಲವರ ಹಣ, ಒಬ್ಬನ ಕೃತಿ

ಕವಿಗೆ ಕಾಗದವೂ ಲೇಖನಿಯೂ ಇದ್ದರೆ ಸಾಕು. ಚಲಚ್ಚಿತ್ರವನ್ನು ತೆಗೆಯಹೊರಟವನಿಗೆ ಯಂತ್ರಗಳು ಬೇಕು, ನಟರು ಬೇಕು, ಹತ್ತಾರು ಜನರಿಗೆ ಹೊತ್ತು ಹೊತ್ತಿಗೆ ಅನ್ನವೂ ಬೇಕು. ಕಲೆಗಳ ಇಂತಹ ವೆಚ್ಚವನ್ನು ಹಿಂದೆ ಅರಸರು ಹೊರುತ್ತಿದ್ದರು. ಆಮೇಲೆ ವರ್ತಕರು ಹೊತ್ತರು. ಈಗ ಮೂರನೆಯದೊಂದು ಮಾರ್ಗವು ಬಳಕೆಗೆ ಬಂದಿದೆ. ಅಪರಿಚಿತರಾದ ಹಲವರಿಂದ ಸ್ವಲ್ಪ ಸ್ವಲ್ಪವಾಗಿ ಹಣವನ್ನು ಕೂಡಿಸುವ ಈ ಕ್ರಮಕ್ಕೆ ಕ್ರೌಡ್‌ಫಂಡಿಂಗ್ ಎಂದು ಹೆಸರು. ಜನನಿಧಿಯೆಂದರೆ ನಮ್ಮ ಕಿವಿಗೆ ಹೆಚ್ಚು ಹಿತವಾದೀತು. ನಿಧಿಯನ್ನು ತುಂಬಿಸುವ ಉಪಾಯಗಳನ್ನು ಹೇಳಿಕೊಡುವವರು ಅನೇಕರಿರುವರು. ಹೀಗೆ ಪಡೆದ ಹಣವು ದಾನವೋ, ಸಾಲವೋ, ಮುಂಗಡವೋ ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ.

ಬೆಂಗಳೂರಿನ ಶಿವಾಜಿನಗರದವರಿಗೆ ಹಲವರ ಹಣವನ್ನು ಒಂದೆಡೆ ಸೇರಿಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸೆಪ್ಟೆಂಬರ್ 8ರಂದು ಸಂತ ಮೇರಿಯಮ್ಮನವರ ತೇರು ಅಲ್ಲಿನ ಬೀದಿಗಳಲ್ಲಿ ಹೊರಟಾಗ ನೋಡುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಹಬ್ಬಕ್ಕೆಂದು ಚಂದಾ ಕೊಟ್ಟವನು ಸಂಜೆಯ ದೀಪಗಳನ್ನು ಕಂಡೊಡನೆ ತನ್ನ ಹಣವು ಸಂದಿತೆಂದು ತಿಳಿಯುತ್ತಾನೆ. ಪೇಟೆಯವರ ಚೀಟಿಯ ವ್ಯವಹಾರವು ಬೇರೊಂದು ಬಗೆಯದು. ಹತ್ತಿಪ್ಪತ್ತು ಮಂದಿ ತಿಂಗಳು ತಿಂಗಳೂ ಕಟ್ಟುತ್ತಾರೆ. ತನ್ನ ಸರದಿಯಲ್ಲಿ ಒಬ್ಬೊಬ್ಬನು ಮೊತ್ತವನ್ನು ಎತ್ತುತ್ತಾನೆ. ಚೀಟಿ ನಡೆಸುವವನಿಗೆ ಸಲ್ಲತಕ್ಕ ಭಾಗವನ್ನು 1982ರ ಚಿಟ್‌ಫಂಡ್ ಕಾಯಿದೆಯು ನೂರಕ್ಕೆ 5ಕ್ಕೆ ಮಿತಿಗೊಳಿಸಿತ್ತು. 2019ರಲ್ಲಿ ಅದನ್ನು 7ಕ್ಕೆ ಏರಿಸಿದರು. ನಡೆಸುವವನು ಪ್ರಾಮಾಣಿಕನಾಗಿ, ಕಟ್ಟುವವರು ತಪ್ಪದೆ ಕಟ್ಟಿದರೆ ಇದರಲ್ಲಿ ಯಾರಿಗೂ ಮೋಸವಿಲ್ಲ. ಜನನಿಧಿಯ ಕಷ್ಟವಿರುವುದೇ ಇಲ್ಲಿ. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಕೃತಿಯು ಸೋಲಬಹುದು. ಕೊಟ್ಟವನು ಕೊಡುವುದು ಇನ್ನೂ ಹುಟ್ಟದಿರುವ ವಸ್ತುವಿಗೆ.

ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧವಾದ ಉದಾಹರಣೆಯು 'ಲೂಸಿಯಾ' ಎಂಬ ಚಲಚ್ಚಿತ್ರ. 2011ರಲ್ಲಿ 'ಲೈಫು ಇಷ್ಟೇನೆ' ಎಂಬ ಚಿತ್ರವನ್ನು ನಿರ್ದೇಶಿಸಿದ್ದ ಪವನ್ ಕುಮಾರ್ ಅವರು, ತಮ್ಮ ಮುಂದಿನ ಕಥೆಗೆ ಬಂಡವಾಳಗಾರರು ದೊರೆಯದೆ, ಚಿತ್ರೋದ್ಯಮದ ರೀತಿಯಿಂದ ತಮಗಾದ ಬೇಸರವನ್ನು ಬಹಿರಂಗವಾಗಿ ಬರೆದರು. ಓದಿದವರು ಅನುಕಂಪವನ್ನು ಸೂಚಿಸಿ ಸುಮ್ಮನಾಗಲಿಲ್ಲ. 27 ದಿನಗಳೊಳಗೆ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಕೂಡಿತು. ಚಿತ್ರಮಂದಿರದಲ್ಲಿ ದೀಪ ಹಿಡಿದು ಆಸನ ತೋರಿಸುವ ಬಡ ಹುಡುಗನೊಬ್ಬನು ನಿದ್ರೆಯಿಲ್ಲದೆ ಬಳಲಿ, ಗುಳಿಗೆಯೊಂದನ್ನು ನುಂಗಿ, ತಾನೇ ನಟನಾದಂತೆ ಕನಸು ಕಾಣುವ ಕಥೆಯದು. 2013ರಲ್ಲಿ ಲಂಡನ್ನಿನ ಭಾರತೀಯ ಚಲಚ್ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚಿನ ಚಿತ್ರವೆಂಬ ಪುರಸ್ಕಾರವನ್ನು ಪಡೆದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ತೆರೆಗೆ ಬಂದು ಜನಾದರಕ್ಕೆ ಪಾತ್ರವಾಯಿತು. ಆ ಬಳಿಕ ಅವರು ನಿಕೋಟಿನ್ ಎಂಬ ರಾಸಾಯನಿಕದ ಸೂತ್ರವನ್ನೇ ಹೆಸರಾಗಿಟ್ಟು, ಜನರ ಹಣದಿಂದಲೇ ಮತ್ತೊಂದು ಚಿತ್ರವನ್ನು ತೆಗೆಯಬೇಕೆಂದು ಸಾರಿದರು. ಅದು ತೆರೆಗೆ ಬರಲೇ ಇಲ್ಲ. ಒಮ್ಮೆ ದೊರೆತ ವಿಶ್ವಾಸವು ಪಿತ್ರಾರ್ಜಿತ ಆಸ್ತಿಯಲ್ಲ; ಪ್ರತಿ ಸಲವೂ ಹೊಸದಾಗಿ ಸಂಪಾದಿಸತಕ್ಕದ್ದು.

ಈ 110 ಮಂದಿ ಕೊಟ್ಟುದು ದಾನವಲ್ಲ. ಲಾಭ ಬಂದರೆ ಪಾಲುಂಟೆಂಬ ತಿಳಿವಳಿಕೆಯಿಂದ ಹಾಕಿದ ಬಂಡವಾಳ. ಹಾಗಾದರೆ ಕಥೆ ಹೀಗಿರಲಿ, ಹಾಡು ಹಾಗಿರಲಿ ಎನ್ನುವ ಅಧಿಕಾರವೂ ಅವರಿಗೆ ಉಂಟೇ? ಉಂಟೆಂದರೆ ಒಬ್ಬ ಸಾಹುಕಾರನ ಕೈಯಿಂದ ತಪ್ಪಿಸಿಕೊಂಡ ಕೃತಿಯು 110 ಸಾಹುಕಾರರ ಕೈಗೆ ಬಿದ್ದಂತಾಯಿತು. ಕೊಟ್ಟವರಿಗೆ ಲೆಕ್ಕದ ಮೇಲೆ ಪೂರ್ಣ ಅಧಿಕಾರವಿದೆ. ಕಥೆಯ ಮೇಲೆ ಲವಲೇಶವೂ ಇಲ್ಲ. ಬಿಡಿಕಾಸಿನ ವೆಚ್ಚವನ್ನೂ ಅವರ ಮುಂದೆ ತೆರೆದಿಡಬೇಕು, ಹಸ್ತಪ್ರತಿಯನ್ನು ಅವರಿಂದ ತಿದ್ದಿಸಬಾರದು. ಈ ಎರಡು ಮಾತನ್ನೂ ಹಣ ಪಡೆಯುವ ಮೊದಲೇ ಹೇಳಿರಬೇಕಾದುದು ಮುಖ್ಯ. ಅನಂತರ ಹೇಳಿದರೆ ಮೊದಲನೆಯದು ಉಪಕಾರವೆನಿಸುತ್ತದೆ, ಎರಡನೆಯದು ವಂಚನೆಯೆನಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ನಮ್ಮವರಲ್ಲಿ ದಾಕ್ಷಿಣ್ಯವೆಂಬ ಗುಣವು ಅತಿಯಾಗಿದೆ. ಮನೆಬಾಗಿಲಿಗೆ ಬಂದ ಬಂಧುವಿಗೆ, ಜೊತೆಗೆ ಓದಿದ ಗೆಳೆಯನಿಗೆ, ಇಲ್ಲವೆನ್ನಲು ನಾಲಿಗೆ ಏಳದು. ಹೀಗಾಗಿ ನಿಧಿ ಕೂಡಿಸುವವನು ಮೊದಲು ತಿರುಗುವುದೇ ನೆಂಟರ ಕಡೆಗೆ. ಮೊತ್ತವು ಬೇಗ ತುಂಬುತ್ತದೆ. ಅದರೊಳಗೆ ಕೃತಿಯ ಮೇಲಿನ ಆಸೆಯಿಂದ ಬಂದುದೆಷ್ಟು, ಮುಖ ನೋಡಿ ಬಂದುದೆಷ್ಟು ಎಂದು ಬೇರ್ಪಡಿಸಲಾಗದು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರಲ್ಲಿ ಪ್ರಸಿದ್ಧವಾದ ಸಂಗತಿ. ಅವರ ಗಂಟಿನಲ್ಲಿದ್ದುದು ಮುಗಿದ ಪುಸ್ತಕ. ಕೊಳ್ಳುವವನು ಪುಟ ತಿರುವಿ ನೋಡಿ, ಬೇಡವೆಂದು ಹಿಂದಿರುಗಿಸಬಹುದಾಗಿತ್ತು. ಹಾಗೆ ಬೇಡವೆನ್ನುವ ಅವಕಾಶವನ್ನು ಸಲೀಸಾಗಿ ಕೊಡದ ಯಾಚನೆಯು, ಎಷ್ಟೇ ನಯವಾಗಿದ್ದರೂ, ಬಲಾತ್ಕಾರದ ನೆಂಟನೇ ಸರಿ.

ಹನಿಹನಿಗೂಡಿದರೆ ಹಳ್ಳವೆಂಬುದನ್ನು ಸಂಗ್ರಹಕಾರರೆಲ್ಲ ಬಲ್ಲರು. ಹನಿಯು ಸಣ್ಣದಾಗಿರುವುದರಲ್ಲಿ ನ್ಯಾಯವೂ ಇದೆಯೆಂಬುದನ್ನು ಅವರು ಗಮನಿಸುವುದು ಕಡಮೆ. 1976ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಮಂಥನ'ಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿಗಳನ್ನು ಕೊಟ್ಟರು. ಕಥೆಯು ಹಾಲಿನ ಸಹಕಾರ ಸಂಘದ್ದು, ಅಂದರೆ ಅವರದೇ ಬಾಳಿನದು. ಚಿತ್ರವು ಸೋತಿದ್ದರೂ ಯಾವ ಮನೆಯ ಒಲೆಯೂ ಆರುತ್ತಿರಲಿಲ್ಲ. 'ಲೂಸಿಯಾ'ದಲ್ಲಾದರೋ ಒಬ್ಬೊಬ್ಬರ ಸರಾಸರಿ ಭಾಗವು 46,000 ರೂಪಾಯಿಗಳಿಗೂ ಮೇಲಾಗುತ್ತದೆ. ಉಳಿತಾಯವುಳ್ಳವನಿಗೆ ಅದು ಸಾಹಸ, ಇಲ್ಲದವನಿಗೆ ಅಪಾಯ. ಇಂತಹ ಬಂಡವಾಳ ಸಂಗ್ರಹದ ವಿಷಯವಾಗಿ ಸೆಬಿಯು 2014ರಲ್ಲಿ ಚರ್ಚಾಪತ್ರವೊಂದನ್ನು ಹೊರಡಿಸಿದಾಗ, ಸಣ್ಣ ಹೂಡಿಕೆದಾರರ ರಕ್ಷಣೆಯೇ ಅದರ ಮುಖ್ಯ ಚಿಂತೆಗಳಲ್ಲೊಂದಾಗಿತ್ತು. ಕಾನೂನು ನೋಡುವುದಾದರೋ ಹಣದ ಮೊತ್ತವನ್ನು. ಮನೆಯೊಳಗಿನ ಸ್ಥಿತಿಯನ್ನು ಅರಿಯಬೇಕಾದವನು ಯಾಚಕನೇ.

ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ಹೂ ಮಾರುವ ಹೆಂಗಸೊಬ್ಬಳು, ನೆರೆಮನೆಯ ಹುಡುಗನು ಚಿತ್ರ ತೆಗೆಯುವನೆಂದು ಕೇಳಿ, ಮಗಳ ಮದುವೆಗೆಂದು ಕಟ್ಟುತ್ತಿದ್ದ ಚೀಟಿಯ ಹಣವನ್ನು ಸೆರಗಿನಿಂದ ಬಿಚ್ಚಿ ಕೊಡಲು ಬಂದಳೆಂದು ಓದುಗರು ಊಹಿಸಿಕೊಳ್ಳಲಿ. ಅಲ್ಲಿ ದಾಕ್ಷಿಣ್ಯವಿಲ್ಲ, ಬಲವಂತವಿಲ್ಲ, ಶುದ್ಧವಾದ ವಾತ್ಸಲ್ಯವಿದೆ. ಹುಡುಗನಿಗೆ ಆ ದಿನ ನಿಧಿಯ ಗಡುವು ಮುಗಿಯುವುದರಲ್ಲಿದೆ, ಕೊರತೆ ಬಿದ್ದಿರುವುದೂ ಸರಿಯಾಗಿ ಅಷ್ಟೇ. ಅವನು ಟಿಕೀಟೊಂದರ ಬೆಲೆಯನ್ನು ಮಾತ್ರ ಎಣಿಸಿ ತೆಗೆದುಕೊಂಡು, ಉಳಿದುದನ್ನು ಅವಳ ಸೆರಗಿಗೇ ಕಟ್ಟಿ ಕಳುಹಿಸಬೇಕು. ಚಿತ್ರವು ಅದರಿಂದ ನಿಂತುಹೋದರೂ ಸರಿಯೇ.