ತಡೆಯುವ ಬಲ

ನಮ್ಮ ರಕ್ತದಲ್ಲಿ ರೋಗಗಳೊಡನೆ ಕಾದಾಡುವ ಸೂಕ್ಷ್ಮ ಕಣಗಳುಂಟು. ಕಾವಲುನಾಯಿಯು ಮನೆಯವರನ್ನೇ ಕಚ್ಚುವ ಪ್ರಕಾರ, ಇವು ಕೆಲವು ಸಾರಿ ಸ್ವಂತ ದೇಹವನ್ನೇ ಕೆಡಿಸುತ್ತವೆ. ಇವುಗಳನ್ನು ತಡೆಯುವದು ಯಾವದು?

ಜಪಾನ್ ದೇಶದ ಶಿಮೊನ್ ಸಕಾಗುಚಿ ಎಂಬ ಪಂಡಿತರು ಇದನ್ನೇ ಶೋಧಿಸಿದರು. ಹುಟ್ಟಿ 3 ದಿನವಾದ ಇಲಿಮರಿಯ ಎದೆಯೊಳಗಿಂದ ಥೈಮಸ್ ಎಂಬ ಗ್ರಂಥಿಯನ್ನು ತೆಗೆದರೆ, ಆ ಕಣಗಳು ಅದರ ದೇಹದ ಮೇಲೆಯೇ ತಿರುಗಿಬೀಳುವವು. ಆರೋಗ್ಯವುಳ್ಳ ಇಲಿಯ ಟಿ-ಕಣಗಳನ್ನು ಅದಕ್ಕೆ ಕೊಟ್ಟರೆ ಆ ಕೇಡು ತಪ್ಪುವದು. ಆದದರಿಂದ ಟಿ-ಕಣಗಳಲ್ಲಿ ಕಾದಾಡುವಂಥವುಗಳ ಸಂಗಡ ತಡೆಯುವಂಥವೂ ಇರಬೇಕೆಂದು ಅವರು ತಿಳುಕೊಂಡರು. ಬೇರೆ ಪಂಡಿತರಲ್ಲಿ ಅನೇಕರು ಇಂಥ ಕಣಗಳಿಲ್ಲವೆಂದು ಆ ಶೋಧನೆಯನ್ನು ಬಿಟ್ಟುಬಿಟ್ಟರೂ ಇವರು ಬಿಡಲಿಲ್ಲ. 1995ರಲ್ಲಿ ಅವುಗಳನ್ನು ಗುರುತಿಸಿ ತೋರಿಸಿದರು. ಆಮೇಲೆ 30 ವರುಷಗಳು ಕಳೆದು, 2025ರಲ್ಲಿ, ಒಸಾಕಾ ವಿಶ್ವವಿದ್ಯಾಲಯದಲ್ಲಿದ್ದ ಅವರಿಗೂ ಅಮೆರಿಕದ ಇಬ್ಬರು ಶೋಧಕರಿಗೂ ನೊಬೆಲ್ ಬಹುಮಾನ ದೊರೆಯಿತು.

ನೋಡಿರಿ, ಹೊಡೆಯುವದು ಮಾತ್ರ ಬಲವಲ್ಲ, ತಡೆಯುವದೂ ಬಲವೇ. ಕೇಡನ್ನು ಖಂಡಿಸಬೇಕಾದ ನಮ್ಮ ನಾಲಿಗೆಯು ಎಷ್ಟೋ ಸಾರಿ ಒಡಹುಟ್ಟಿದವರನ್ನೇ ಗಾಯಮಾಡುವದಲ್ಲವೇ? ದೇಹದೊಳಗೆ ಕಾದಾಡುವವುಗಳನ್ನೂ ತಡೆಯುವವುಗಳನ್ನೂ ಕೂಡ ಇಟ್ಟ ಸೃಷ್ಟಿಕರ್ತನು ನಮ್ಮ ಮನೆಗಳಲ್ಲಿಯೂ ಸಭೆಯಲ್ಲಿಯೂ ತಡೆಯುವವರನ್ನು ಎಬ್ಬಿಸಲಿ. ಅವರು ಕಣ್ಣಿಗೆ ಬೀಳದಿದ್ದರೂ ಅವರಿಂದಲೇ ಮನೆಯು ಉಳಿಯುವದು.