ನೋಡುವವನ ಸೋಲು

ಫಲದ ಚಿಂತೆಯನ್ನು ತೊರೆದು ಕರ್ಮದಲ್ಲಿ ತೊಡಗೆಂಬ ಗೀತೆಯ ಉಪದೇಶವು ಸಂದುದು ಗಾಂಡೀವವನ್ನು ಹಿಡಿದಿದ್ದ ಅರ್ಜುನನಿಗೆ. ಆದರೆ ಅದನ್ನೇ ಅಕ್ಷರಾಕ್ಷರವಾಗಿ ಕೇಳಿದ ಇನ್ನೊಬ್ಬ ಶ್ರೋತೃವಿದ್ದನೆಂಬುದನ್ನೂ, ಹಸ್ತಿನಾವತಿಯ ಅರಮನೆಯಲ್ಲಿ ಕುಳಿತು ಸಂಜಯನ ಬಾಯಿಂದ ರಣರಂಗದ ವರ್ತಮಾನವನ್ನು ಆಲಿಸುತ್ತಿದ್ದ ಆ ಧೃತರಾಷ್ಟ್ರನಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಾಗಲಿಲ್ಲವೆಂಬುದನ್ನೂ ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಆಗುವುದಾದರೂ ಹೇಗೆ? ಅವನು ಬಿಲ್ಲನ್ನು ಮುಟ್ಟಿದವನಲ್ಲ. ಗೆದ್ದವರು ಯಾರೆಂಬ ಒಂದು ಸಂಗತಿಯ ಹೊರತು ಅವನ ಪಾಲಿಗೆ ಬರತಕ್ಕದ್ದು ಬೇರೇನೂ ಇರಲಿಲ್ಲ. ಕರ್ಮವನ್ನು ಮಾಡದೆ ಫಲಾಪೇಕ್ಷೆಯನ್ನು ಮಾತ್ರ ಹೊತ್ತವನ ಗತಿಯೇನೆಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತುತ್ತಿರುವುದು ಕುರುಕ್ಷೇತ್ರದ ನಿಮಿತ್ತದಿಂದಲ್ಲ, 2017ರಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಎಂಬ ವೃತ್ತಿಪರ ಕ್ರಿಕೆಟ್ ತಂಡವು ಉಂಡ ಸೋಲುಗಳ ನಿಮಿತ್ತದಿಂದ.

ಹಿಂದಿನ ವರ್ಷ ಈ ತಂಡ ಅಂತಿಮ ಪಂದ್ಯದವರೆಗೆ ಏರಿತ್ತು. ನಾಯಕ ವಿರಾಟ್ ಕೊಹ್ಲಿಯೊಬ್ಬರೇ ಆ ಋತುವಿನಲ್ಲಿ 973 ರನ್ನುಗಳನ್ನು ಗಳಿಸಿದ್ದರು. ಆದರೂ ಕೊನೆಗೆ ಹೈದರಾಬಾದಿನ ತಂಡಕ್ಕೆ 8 ರನ್ನುಗಳಿಂದ ಸೋತಿತು. ಮರುವರ್ಷ ಭುಜದ ನೋವಿನಿಂದ ಕೆ. ಎಲ್. ರಾಹುಲ್ ಇಡೀ ಋತುವಿಗೂ, ಕೊಹ್ಲಿ ಮೊದಲ ಕೆಲವು ಪಂದ್ಯಗಳಿಗೂ ಹೊರಗುಳಿದರು. ಹದಿನಾಲ್ಕರಲ್ಲಿ ಹತ್ತನ್ನು ಸೋತು, ಒಂದನ್ನು ಮಳೆಗೆ ಒಪ್ಪಿಸಿ, ಮೂರನ್ನು ಮಾತ್ರ ಗೆದ್ದು, ತಂಡ ಎಂಟರಲ್ಲಿ ಎಂಟನೆಯದಾಯಿತು. ಏಪ್ರಿಲ್ 23ರಂದು ಕೋಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ 132 ರನ್ನುಗಳ ಗುರಿಯನ್ನು ಬೆನ್ನಟ್ಟಿ ಹೊರಟು, ಹತ್ತು ಓವರುಗಳೂ ತುಂಬುವ ಮುನ್ನ 49ಕ್ಕೆ ಕುಸಿಯಿತು. ಹನ್ನೊಂದು ಮಂದಿಯಲ್ಲಿ ಒಬ್ಬನಾದರೂ ಎರಡಂಕಿಯನ್ನು ಮುಟ್ಟಲಿಲ್ಲ. ನಾಲ್ಕು ವರ್ಷಗಳ ಹಿಂದೆ, 2013ರ ಅದೇ ಏಪ್ರಿಲ್ 23ರಂದು, ಇದೇ ತಂಡ 263 ರನ್ನುಗಳನ್ನು ಪೇರಿಸಿತ್ತು. ಕ್ರಿಸ್ ಗೇಲ್ ಒಬ್ಬರದೇ 175.

ಶಹಾಬಾದಿನಲ್ಲಿ, ಆ ಊರಿನ ಗಣಿಗಳಿಂದ ಸಪಾಟಾಗಿ ಎದ್ದುಬರುವ ಫರಸಿಗಳನ್ನೇ ಹಾಸಿದ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವರ ನಡುವೆ ಈ ಸೋಲನ್ನು ನೋಡಿದವನು ನಾನು. ಮಿರ್ಚಿಭಜಿಯ ತಟ್ಟೆ ಬರಿದಾಗುವ ಮೊದಲೇ ಆಟ ಮುಗಿದಿತ್ತು. ಬೈದರು, ಬಹಳವಾಗಿಯೇ ಬೈದರು. ನಾಲ್ಕು ದಿನಗಳ ತರುವಾಯ ಗುಜರಾತಿನ ತಂಡದೆದುರಿನ ಪಂದ್ಯಕ್ಕೆ ಅದೇ ಕಟ್ಟೆಗೆ ಅವರೇ ಬಂದು ಕುಳಿತರು, ಅದನ್ನೂ ಸೋತದ್ದನ್ನು ನೋಡಿ, “ಹೋಗ್ಲಿ ಬಿಡ್ರಿ, ಮುಂದಿನ ಸಲ ನೋಡಾಮು” ಎನ್ನುತ್ತ ಎದ್ದರು. ಈ ಸೀಮೆಯವರಿಗೆ ಬೆಂಗಳೂರು ದೂರದ ಊರು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಪ್ರದೇಶವಿದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲುದಾರಿ ಚಿತ್ತಾಪುರ, ಸೇಡಂಗಳನ್ನು ಇಂದಿಗೂ ಆ ನಗರದತ್ತಲೇ ಸೆಳೆಯುತ್ತದೆ. ಚಿಂಚೋಳಿಯವರಿಗೆ ತಾಂಡೂರು ನೆರೆಯೂರು. ಆಸ್ಪತ್ರೆಗೂ ಅಂಗಡಿಗೂ ಹೈದರಾಬಾದಿಗೆ ಹೋಗಿಬರುವವರು, ಗೆಲ್ಲುವ ಹೈದರಾಬಾದನ್ನು ಬಿಟ್ಟು ಸೋಲುವ ಬೆಂಗಳೂರನ್ನು ನೆಚ್ಚಿದುದಕ್ಕೆ ಭಾಷಾಭಿಮಾನವಲ್ಲದೆ ಲಾಭದ ಲೆಕ್ಕಾಚಾರವಂತೂ ಕಾರಣವಲ್ಲ.

ಗೀತೆಯು ಸಂಗವನ್ನೂ ಫಲವನ್ನೂ ಜೊತೆಯಾಗಿ ಬಿಡಿಸಲೆಳಸುತ್ತದೆ. ಇಲ್ಲಾದರೋ ಫಲವು ತಾನಾಗಿ ಬಿಟ್ಟುಹೋಗಿದೆ, ಸಂಗವು ಮಾತ್ರ ಉಳಿದಿದೆ. ಇದು ಮೋಹವೋ ಭಕ್ತಿಯೋ? ಅಮೆರಿಕದಲ್ಲಿ ಮಹಾಯುದ್ಧಾನಂತರದ ಕಾಲದಲ್ಲಿ, 1962ರಲ್ಲಿ, ನ್ಯೂಯಾರ್ಕಿನ ಮೆಟ್ಸ್ ಎಂಬ ಬೇಸ್‌ಬಾಲ್ ತಂಡವು 120 ಪಂದ್ಯಗಳನ್ನು ಸೋತಾಗಲೂ ಒಂಬತ್ತು ಲಕ್ಷಕ್ಕೂ ಮೀರಿದ ಜನ ದುಡ್ಡು ತೆತ್ತು ನೋಡಲು ಹೋದರೆಂಬುದನ್ನು ನೆನೆದರೆ ಈ ರೋಗವೋ ಪುಣ್ಯವೋ ನಮ್ಮ ನಾಡಿಗೇ ವಿಶಿಷ್ಟವಾದುದಲ್ಲ.

ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ, ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರದೆಂದು ಭಕ್ತರು ಪೂಜಿಸುವ ಬೃಂದಾವನವಿದೆ. ‘ನ್ಯಾಯಸುಧಾ’ವನ್ನು ರಚಿಸಿದ ಆ ಮಹನೀಯರು ಪ್ರತಿಪಾದಿಸಿದ ಮಾಧ್ವಸಿದ್ಧಾಂತದಲ್ಲಿ ಜಗತ್ತು ಸತ್ಯ, ಭೇದ ಸತ್ಯ, ತಾರತಮ್ಯ ಸತ್ಯ, ಆದುದರಿಂದ 49 ಎಂಬುದೂ ಸತ್ಯ. ಸೋಲುಗೆಲುವುಗಳೆರಡೂ ಮಾಯೆಯೆಂಬ ಅಗ್ಗದ ಸಾಂತ್ವನಕ್ಕೆ ಅಲ್ಲಿ ಎಡೆಯಿಲ್ಲ. ನನಗೆ ಇದು ಹಿಡಿಸುತ್ತದೆ, ಏಕೆಂದರೆ ಸೋಲನ್ನು ಸೋಲೆಂದು ಒಪ್ಪದವನು ಅದರಿಂದ ಏನನ್ನೂ ಪಡೆಯಲಾರನು. ಆದರೆ ಅದೇ ಸಿದ್ಧಾಂತವು ಭಕ್ತಿಗೆ ಕೊಡುವ ಲಕ್ಷಣ ಕಟ್ಟೆಯವರಿಗೆ ಅನುಕೂಲವಾದುದಲ್ಲ: ಮಾಹಾತ್ಮ್ಯಜ್ಞಾನವು ಮುಂದಾಗಿ, ಅದರ ಬೆನ್ನಿಗೆ ಬರುವ ಸುದೃಢವಾದ ಸ್ನೇಹವೇ ಭಕ್ತಿ. ಸ್ನೇಹವು ಸುದೃಢವಾಗಿತ್ತೆಂಬುದನ್ನು ನಾನು ಕಂಡಿದ್ದೇನೆ. ಕೊನೆಯ ಸ್ಥಾನಕ್ಕಿಳಿದ ತಂಡದಲ್ಲಿ ಮಾಹಾತ್ಮ್ಯವೆಲ್ಲಿ?

ದೇವರ ವಿಷಯದ ಲಕ್ಷಣವನ್ನು ಆಟಕ್ಕೆ ಎಳೆತರುವುದು ಅಪಚಾರವೆಂದು ಯಾರಾದರೂ ಆಕ್ಷೇಪಿಸಿದರೆ ತಲೆಬಾಗುವೆನು. ಆದರೆ ಆಕ್ಷೇಪದ ಉತ್ತರವೂ ಅದೇ ಮಳಖೇಡದ ಚರಿತ್ರೆಯಲ್ಲಿದೆ. ಅದು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, 972ರಲ್ಲಿ, ಪರಮಾರ ಸೀಯಕನು ನಗರವನ್ನು ಸೂರೆಗೊಂಡನು. ಮರುವರ್ಷ ಚಾಲುಕ್ಯ ತೈಲಪನು ರಾಜ್ಯವನ್ನೇ ಕಸಿದನು. ಮುಮ್ಮಡಿ ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನಿಗೆ ಪಟ್ಟಗಟ್ಟಲು ಗಂಗ ಮಾರಸಿಂಹನು ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಚಂದ್ರಗಿರಿಯ ಮೇಲಿರುವ ಅವನ ಶಾಸನದಲ್ಲಿ ಹಲವು ಪದ್ಯಗಳು ಮೀಸಲಾಗಿರುವುದು ಯಾವುದಕ್ಕೆಂದರೆ, ಅವನ ಚೆಂಡಾಟದ ಕೌಶಲಕ್ಕೆ! ಕುದುರೆಯೇರಿ ಆಡುವ ಆಟವದೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಇನ್ನೂರು ವರ್ಷಗಳಿಗೆ ಮೀರಿದ ಸಾಮ್ರಾಜ್ಯವೊಂದು ಮಣ್ಣುಗೂಡಿದ ಮೇಲೆ, ಉಪವಾಸದಿಂದ ಮಡಿದ ಅದರ ಕಡೆಯ ಕುಡಿಯ ಸ್ಮಾರಕದಲ್ಲಿ ಚೆಂಡಿನ ಮಾತು ಬಂದುದು ಕೆಲವರಿಗೆ ಅಸಂಗತವಾಗಿ ತೋರಬಹುದು. ನನಗೆ ಹಾಗೆ ತೋರದು. ಮಾಹಾತ್ಮ್ಯವು ಫಲದಲ್ಲಿಲ್ಲ, ಕೈಯ ಕುಶಲತೆಯಲ್ಲಿದೆಯೆಂದು ಆ ಶಾಸನದ ಕವಿ ಬಲ್ಲನು. ಗೇಲನ 175ನ್ನೂ ಕೊಹ್ಲಿಯ 973ನ್ನೂ ಕಂಡಿದ್ದ ಶಹಾಬಾದಿನವರೂ 49ರ ರಾತ್ರಿ ಅದನ್ನು ಮರೆತಿರಲಿಲ್ಲ.

2025ರ ಜೂನ್ 3ರಂದು, ಹದಿನೆಂಟನೆಯ ವರ್ಷದಲ್ಲಿ, ತಂಡಕ್ಕೆ ಕಪ್ಪು ದಕ್ಕಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಬಿಟ್ಟರು. ನೋಡುವವನಿಗೆ ಫಲವು ದೊರೆತರೂ ಅದನ್ನು ಹಿಡಿದಿಡಲು ಅವನಿಗೆ ಪಾತ್ರೆಯಿಲ್ಲವೆಂಬ ನನ್ನ ಸಂಶಯ ಅಂದು ಇನ್ನಷ್ಟು ಬಲವಾಯಿತು. ಇಂದ್ರನಾದರೋ ಕೊನೆಗೆ ರಾಜ್ಯವನ್ನೂ ಆಟವನ್ನೂ ಅನ್ನವನ್ನೂ ಬಿಟ್ಟವನು. ಆಡಿದವನ ತ್ಯಾಗ ಅಲ್ಲಿಗೆ ಪೂರ್ಣವಾಯಿತು. ಚಂದ್ರಗಿರಿಯಲ್ಲಿ ಆ ಪದ್ಯಗಳನ್ನು ಕೆತ್ತಿಸಿದವರು ಅವನ ಆಟವನ್ನು ಬಲ್ಲವರು. ಅವರು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.