ಗೌರವದ ಅಂಗಿ ಮತ್ತು ಅನುಮೋದನೆಯ ದೋಷ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂತಹ ಊರುಗಳಲ್ಲಿಯೂ ಇಂದು ಕ್ರಿಕೆಟ್ ಆಡುವ ಬಾಲಕರ ಅಂಗಿಯ ಬೆನ್ನ ಮೇಲೆ ಮೆಚ್ಚಿನ ಆಟಗಾರನ ಹೆಸರಿರುವುದುಂಟು. ಅದು ಗುಣಕ್ಕೆ ಸಲ್ಲುವ ಸಹಜವಾದ ಗೌರವ. ಆದರೆ ಹಿಂದೊಮ್ಮೆ ಅವಮಾನಿತರಾದವರ ಅಂಗಿಯನ್ನು, ಅವಮಾನಿಸಿದ ಪರಂಪರೆಗೆ ಸೇರಿದವರೇ ಧರಿಸಿದರೆ ಅದನ್ನು ಏನೆಂದು ಕರೆಯಬೇಕು?

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಇಂತಹ ರೂಢಿಯೊಂದಿದೆ. ಅಲ್ಲಿನ ಪ್ರಮುಖ ತಂಡಗಳು ಕಪ್ಪು ಜನಾಂಗದವರನ್ನು ದಶಕಗಳ ಕಾಲ ಹೊರಗಿಟ್ಟಿದ್ದವು. ಅವರು 1920ರಲ್ಲಿ ಕನ್ಸಾಸ್ ಸಿಟಿಯಲ್ಲಿ ತಮ್ಮದೇ ಲೀಗೊಂದನ್ನು ಕಟ್ಟಿಕೊಂಡರು. 1947ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ನರಿಗೆ ಬಾಗಿಲು ತೆರೆಯಿತು; ಶ್ರೇಷ್ಠ ಆಟಗಾರ ಜೋಶ್ ಗಿಬ್ಸನ್ ಅದೇ ಜನವರಿಯಲ್ಲಿ ತೀರಿಕೊಂಡಿದ್ದರು. ಆ ಲೀಗುಗಳ ಅಂಕಿಅಂಶಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಇಂದು ಕನ್ಸಾಸ್ ಸಿಟಿಯ ರಾಯಲ್ಸ್ ತಂಡದವರು ಸ್ಮರಣೆಯ ಪಂದ್ಯಗಳಲ್ಲಿ ಮೊನಾರ್ಕ್ಸ್ ಎಂಬ ಹಳೆಯ ಕಪ್ಪು ಜನಾಂಗದ ತಂಡದ ಮಾದರಿಯ ಅಂಗಿಯನ್ನು ತೊಡುತ್ತಾರೆ.

ಇದು ದೂರದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಧಾರವಾಡದಲ್ಲಿ ಜನಿಸಿದ ಪಾಲ್ವಂಕರ್ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಬೌಲರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಆಡುವಾಗ ಜೊತೆಗಾರರು ಪಿಂಗಾಣಿ ಬಟ್ಟಲಲ್ಲಿ ಚಹಾ ಕುಡಿದರೆ, ಚಮ್ಮಾರ ಕುಲದ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು.

ಇಲ್ಲಿ ನಮ್ಮವರೇ ಒಂದು ಆಕ್ಷೇಪವನ್ನು ಎತ್ತಬಹುದು. ಕರ್ಮಸಿದ್ಧಾಂತದಂತೆ ಮಾಡಿದವನೇ ಫಲವನ್ನು ಉಣ್ಣುವನು. ತಂದೆಯ ಪಾಪ ಮಗನಿಗೆ ಅಂಟದು. ಹಾಗಿದ್ದಮೇಲೆ ಪೂರ್ವಿಕರ ತಪ್ಪಿಗೆ ಇಂದಿನವರು ಏಕೆ ತಲೆಬಾಗಬೇಕು? ಆಕ್ಷೇಪ ಯುಕ್ತವೇ. ಆದರೆ ಅದೇ ಸಿದ್ಧಾಂತವು ಕೃತ, ಕಾರಿತ, ಅನುಮೋದನ ಎಂದು ಆಸ್ರವಕ್ಕೆ ಮೂರು ದಾರಿಗಳನ್ನು ಹೇಳುತ್ತದೆ. ಕುಡಿಕೆಯಲ್ಲಿ ಚಹಾ ಕೊಟ್ಟವರು ನಾವಲ್ಲ, ಕೊಡಿಸಿದವರೂ ಅಲ್ಲ. ಆದರೆ ‘ಅದು ಆ ಕಾಲದ ಪದ್ಧತಿ’ ಎಂದು ಮನಸ್ಸಿನಲ್ಲಿಯೇ ಒಪ್ಪಿಕೊಂಡ ಕ್ಷಣದಲ್ಲಿ ನಮ್ಮಿಂದ ಅನುಮೋದನೆ ನಡೆಯುತ್ತದೆ. ಈ ಪಾಪ ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ. ಗೌರವದ ಅಂಗಿಯ ಅರ್ಥ ಇಷ್ಟೆ: ಆ ಒಪ್ಪಿಗೆಯನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳುವುದು. ಸತ್ತವರಿಗೆ ಅದರಿಂದ ಲಾಭವಿಲ್ಲ, ಶುದ್ಧಿ ಧರಿಸಿದವನದು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕುಲಮದ, ಜಾತಿಮದಗಳನ್ನು ಅಷ್ಟಮದಗಳಲ್ಲಿ ಎಣಿಸಿದ್ದಾರೆ. ಮಾತಂಗಕುಲದಲ್ಲಿ ಹುಟ್ಟಿದವನಾದರೂ ಸಮ್ಯಗ್ದರ್ಶನವುಳ್ಳವನು ದೇವಸಮಾನನೆಂದಿದ್ದಾರೆ. ಆದರೆ ಮದವು ಬಹುರೂಪಿ. ‘ನಾವೆಷ್ಟು ಉದಾರಿಗಳು’ ಎಂಬ ಹೆಮ್ಮೆಯಾಗಿ ಅದು ಗೌರವದ ಅಂಗಿಯೊಳಗೂ ನುಸುಳಬಲ್ಲದು. ಆದ್ದರಿಂದ ಇದಕ್ಕೂ ಪ್ರತಿಕ್ರಮಣದ ನಿಯಮವೇ ಅನ್ವಯಿಸಬೇಕು. ದೋಷವನ್ನು ಹೆಸರಿಟ್ಟು ಹೇಳುವುದು ಆಲೋಚನೆ. ಮುಂದೆ ಮಾಡೆನೆಂದು ಬಿಡುವುದು ಪ್ರತ್ಯಾಖ್ಯಾನ. ಇವೆರಡೂ ಇಲ್ಲದ ಸನ್ಮಾನ ಬರಿಯ ಬಟ್ಟೆ.

ನಾಳೆ ಬಾಲಕನೊಬ್ಬನ ಬೆನ್ನ ಮೇಲೆ ಬಾಳೂ ಅವರ ಹೆಸರು ಮೂಡಿದರೆ ಸಂತೋಷವೇ. ಆದರೆ ಅದೇ ದಿನ ಅವನ ಮನೆಯ ಹಿತ್ತಲಿನಲ್ಲಿ ಕೆಲಸದವರಿಗೆಂದು ಬೇರೆ ಲೋಟವಿದ್ದರೆ, ಬಸದಿಯ ಊಟದ ಪಂಕ್ತಿಯಲ್ಲಿ ಕುಲ ನೋಡಿ ಸ್ಥಳ ತೋರಿದರೆ, ಆ ಮಣ್ಣಿನ ಕುಡಿಕೆ ಇನ್ನೂ ನಮ್ಮ ಕೈಯಲ್ಲಿಯೇ ಇದೆ. ಕ್ಷಮಾವಣಿಯಂದು ಸಕಲ ಜೀವಿಗಳ ಕ್ಷಮೆ ಬೇಡುವ ಮುನ್ನ ಶ್ರಾವಕರು ಆ ಲೋಟವನ್ನು ಒಳಗೆ ತಂದು ಉಳಿದ ಲೋಟಗಳ ಜೊತೆಗಿಡಲಿ.